ಗ್ರಹಚಾರ: ಒಂದು ಪದದ ಚರಿತ್ರೆ ಮತ್ತು ಶ್ರಾವಕನ ವಿವೇಕ

ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಬಸದಿಯ ಜಗುಲಿಯ ಮೇಲೆ ದಿನಕ್ಕೆ ಒಮ್ಮೆಯಾದರೂ ಕಿವಿಗೆ ಬೀಳುವ ಮಾತುಗಳಲ್ಲಿ ‘ಗ್ರಹಚಾರ’ ಎಂಬುದೂ ಒಂದು. ಮಳೆ ಕೈಕೊಟ್ಟರೆ ಗ್ರಹಚಾರ, ಕೊಟ್ಟ ಸಾಲ ಮರಳದಿದ್ದರೆ ಗ್ರಹಚಾರ, ಕೂಡಿಬಂದ ಸಂಬಂಧ ತಪ್ಪಿಹೋದರೆ ಗ್ರಹಚಾರ. ಆಡುಮಾತಿನಲ್ಲಿ ಇದು ಸವೆದು ‘ಗಾಚಾರ’ವಾಗಿದೆ. ‘ನಿನ್ನ ಗ್ರಹಚಾರ ಬಿಡಿಸುತ್ತೇನೆ’ ಎಂದು ಗದರಿಸುವವರೂ ಉಂಟು. ಕೆಟ್ಟ ಕಾಲಕ್ಕೆ ಕನ್ನಡದಲ್ಲಿ ದುರದೃಷ್ಟ, ದೌರ್ಭಾಗ್ಯ, ಹಣೆಬರಹ ಮೊದಲಾದ ಅನೇಕ ಪದಗಳಿದ್ದರೂ ಜನರ ನಾಲಗೆಯ ಮೇಲೆ ಇಷ್ಟು ಸಲೀಸಾಗಿ ನಿಂತಿರುವ ಪದ ಮತ್ತೊಂದಿಲ್ಲವೆಂದೇ ಹೇಳಬೇಕು.

ಈ ಪದವು ಹುಟ್ಟಿದಾಗ ಅದರಲ್ಲಿ ಕೆಡುಕಿನ ಸೋಂಕು ಇರಲಿಲ್ಲ. ಅದು ಲೆಕ್ಕಾಚಾರದ ಒಂದು ಪಾರಿಭಾಷಿಕ ಪದವಾಗಿತ್ತು. ಅದು ಹೇಗೆ ದುಃಖದ ಹೆಸರಾಯಿತು, ಆ ಬದಲಾವಣೆಯಲ್ಲಿ ನಾವು ಕಳೆದುಕೊಂಡದ್ದೇನು ಎಂಬುದನ್ನು ಕರ್ಮಸಿದ್ಧಾಂತವನ್ನು ನಂಬಿದ ಸಮಾಜವಾದ ನಾವು ವಿಶೇಷವಾಗಿ ಆಲೋಚಿಸಬೇಕಾಗಿದೆ.

ಪದದ ಮೂಲಾರ್ಥ

‘ಗ್ರಹ್’ ಎಂದರೆ ಹಿಡಿ ಎಂಬ ಧಾತುವಿನಿಂದ ‘ಗ್ರಹ’ವೂ, ‘ಚರ್’ ಎಂದರೆ ಚಲಿಸು ಎಂಬ ಧಾತುವಿನಿಂದ ‘ಚಾರ’ವೂ ಬಂದಿವೆ. ಗ್ರಹಗಳ ಸಂಚಾರವೇ ಗ್ರಹಚಾರ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಆರಂಭದ ಅಧ್ಯಾಯಗಳಿಗೆ ಆದಿತ್ಯಚಾರ, ಚಂದ್ರಚಾರ, ರಾಹುಚಾರ, ಬುಧಚಾರ, ಶುಕ್ರಚಾರ ಎಂಬಂತಹ ಹೆಸರುಗಳನ್ನೇ ಇಟ್ಟಿದ್ದಾನೆ. ಆ ಸಂಚಾರಗಳಿಂದ ಶುಭ, ಅಶುಭ ಎರಡು ಬಗೆಯ ಫಲಗಳನ್ನೂ ಅವನು ಹೇಳುತ್ತಾನೆ. ಆದರೆ ‘ಚಾರ’ ಎಂಬ ಮಾತಿಗೆ ಅಲ್ಲಿರುವ ಅರ್ಥ ನಡಿಗೆ ಎಂದಷ್ಟೇ.

ನಮಗೆ ಹೆಮ್ಮೆ ತರುವ ಉದಾಹರಣೆಯೊಂದು ನಮ್ಮ ನಾಡಿನಲ್ಲೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಗಣಿತ ಲೋಕದ ಗಮನ ಇದರತ್ತ ಹರಿಯಿತು. ಬಡ್ಡಿಯ ಲೆಕ್ಕ, ಪಾಲುದಾರಿಕೆಯ ಹಂಚಿಕೆ, ತ್ರೈರಾಶಿ ಮೊದಲಾದ ವ್ಯಾಪಾರಿಗಳಿಗೆ ಬೇಕಾದ ಗಣಿತವೆಲ್ಲ ಇದರಲ್ಲಿದೆ. ಗ್ರಂಥದ ಮೊದಲಲ್ಲಿ ಆಚಾರ್ಯರು ಗಣಿತದ ಉಪಯೋಗಗಳನ್ನು ಎಣಿಸುತ್ತ, ಸೂರ್ಯಾದಿಗಳ ಗ್ರಹಚಾರದಲ್ಲಿಯೂ ಗ್ರಹಣದಲ್ಲಿಯೂ ಗ್ರಹಗಳ ಕೂಟದಲ್ಲಿಯೂ ಗಣಿತವೇ ಆಧಾರವೆಂದು ತಿಳಿಸುತ್ತಾರೆ. ಅಂದರೆ ಸಾವಿರದ ನೂರೈವತ್ತು ವರ್ಷಗಳಿಗಿಂತ ಹಿಂದೆ ಕರ್ನಾಟಕದ ಒಬ್ಬ ಜೈನ ವಿದ್ವಾಂಸರ ಪಾಲಿಗೆ ಗ್ರಹಚಾರವೆಂಬುದು ಅಳುವ ವಿಷಯವಾಗಿರಲಿಲ್ಲ, ಅಳೆಯುವ ವಿಷಯವಾಗಿತ್ತು.

ಅರ್ಥವು ಇಳಿದ ಬಗೆ

ಹಾಗಾದರೆ ಈ ಪದಕ್ಕೆ ಕೆಡುಕಿನ ಅರ್ಥ ಅಂಟಿದ್ದು ಹೇಗೆ? ‘ಗ್ರಹ’ ಶಬ್ದಕ್ಕೆ ಆಕಾಶದ ಗ್ರಹವಲ್ಲದೆ ‘ಹಿಡಿಯುವ ಪೀಡೆ’ ಎಂಬ ಮತ್ತೊಂದು ಅರ್ಥವೂ ಹಿಂದಿನಿಂದ ಇದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಸ್ಕಂದ, ಶಕುನಿ, ರೇವತಿ, ಪೂತನಾ ಮೊದಲಾದ ಒಂಬತ್ತು ಬಾಲಗ್ರಹಗಳ ವರ್ಣನೆಯಿದೆ. ಕನ್ನಡದಲ್ಲಿ ‘ಶನಿ ಹಿಡಿಯಿತು’, ‘ಗ್ರಹ ಬಡಿಯಿತು’ ಎಂದು ಹೇಳುವಾಗ ಆಕಾಶದ ಗ್ರಹವೂ ಈ ಪೀಡಕ ಗ್ರಹವೂ ಒಂದರೊಳಗೊಂದು ಬೆರೆತುಹೋಗಿವೆ. ಎರಡನೆಯದಾಗಿ, ಜಾತಕ ನೋಡಿಸುವವನು ಸಾಮಾನ್ಯವಾಗಿ ಕಷ್ಟದಲ್ಲಿರುವವನೇ. ಸುಖದಲ್ಲಿರುವವನು ಗ್ರಹಗಳ ಗೊಡವೆಗೆ ಹೋಗುವುದು ಕಡಿಮೆ. ಹೀಗೆ ಗ್ರಹಚಾರವೆಂಬ ಮಾತು ಬಾಯಿಗೆ ಬರುವ ಸಂದರ್ಭವೇ ದುಃಖದ ಸಂದರ್ಭವಾಗಿ, ಕೊನೆಗೆ ದುಃಖವೇ ಅದರ ಅರ್ಥವಾಗಿರುವಂತೆ ತೋರುತ್ತದೆ.

ಪದದ ಹಳೆಯ ಮತ್ತು ಹೊಸ ಅರ್ಥಗಳೆರಡೂ ಇಂದಿನ ಮಾತಿನಲ್ಲಿ ಅಕ್ಕಪಕ್ಕದಲ್ಲೇ ಇರುವುದು ಕುತೂಹಲಕರ. ‘ಗ್ರಹಚಾರ ಕೆಟ್ಟಿತು’ ಎನ್ನುವಾಗ, ಚೆನ್ನಾಗಿಯೂ ಇರಬಹುದಾದ ಗ್ರಹಸಂಚಾರವು ಈಗ ಕೆಟ್ಟಿದೆ ಎಂಬ ಹಳೆಯ ಅರ್ಥ ಉಳಿದಿದೆ. ‘ಗ್ರಹಚಾರ ವಕ್ಕರಿಸಿತು’ ಎನ್ನುವಾಗಲಾದರೋ ಗ್ರಹಚಾರವೇ ಕೇಡು. ‘ಗ್ರಹಚಾರದಿಂದ ಈ ವರ್ಷ ಒಳ್ಳೆಯ ಲಾಭ ಬಂತು’ ಎಂದು ಹೇಳಿದ ವ್ಯಾಪಾರಿಯನ್ನು ನಾನು ಈವರೆಗೆ ಕಂಡಿಲ್ಲ. ಲಾಭ ಬಂದರೆ ಅದು ನಮ್ಮ ಜಾಣತನ. ನಷ್ಟ ಬಂದರೆ ಗ್ರಹಗಳ ಕೈವಾಡ. ಒಂದೇ ಪುಸ್ತಕದಲ್ಲಿ ಜಮೆಯನ್ನು ತನ್ನ ಹೆಸರಿಗೂ ಖರ್ಚನ್ನು ಪರರ ಹೆಸರಿಗೂ ಬರೆಯುವ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು.

ಜ್ಯೋತಿಷಕ್ಕೂ ಜೈನರಿಗೂ ಇರುವ ನಂಟನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಕನ್ನಡದ ಮೊತ್ತಮೊದಲ ಜ್ಯೋತಿಷ ಗ್ರಂಥವೆಂದು ಹೆಸರಾದ ‘ಜಾತಕತಿಲಕ’ವನ್ನು ಕ್ರಿ.ಶ. 1049ರಲ್ಲಿ, ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ ಬರೆದವರು ನರಗುಂದದ ಶ್ರೀಧರಾಚಾರ್ಯರು; ಅವರು ಜೈನರು. ಶಾಸ್ತ್ರವನ್ನು ತಿಳಿದಿರುವುದು ಬೇರೆ, ಅದರ ಹೆಸರಿನಲ್ಲಿ ಹೊಣೆಗಾರಿಕೆಯನ್ನು ಬಿಟ್ಟುಕೊಡುವುದು ಬೇರೆ. ಈ ಅಂತರವನ್ನು ತೋರಿಸಿಕೊಟ್ಟವರೂ ನಮ್ಮ ಆಚಾರ್ಯರೇ.

ಆಗಮದ ದೃಷ್ಟಿ

ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ದೇವರ್ಕಳ ನಾಲ್ಕು ನಿಕಾಯಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಜ್ಯೋತಿಷ್ಕರು ಒಂದು ನಿಕಾಯ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ತಾರೆಗಳೆಂದು ಅವರಲ್ಲಿ ಐದು ಭೇದ. ಮನುಷ್ಯಲೋಕದಲ್ಲಿ ಇವರು ಮೇರುವಿಗೆ ಪ್ರದಕ್ಷಿಣವಾಗಿ ಸದಾ ಚಲಿಸುವರೆಂದೂ, ಕಾಲದ ವಿಭಾಗವು ಇವರ ಚಲನೆಯಿಂದ ಏರ್ಪಡುವುದೆಂದೂ ಸೂತ್ರಕಾರರು ಹೇಳುತ್ತಾರೆ. ಅಲ್ಲಿ ಗ್ರಹಗಳಿಗೆ ಒಪ್ಪಿಸಿರುವ ಕೆಲಸ ಕಾಲವನ್ನು ಅಳೆದುಕೊಡುವುದೇ ಹೊರತು ಸುಖದುಃಖಗಳನ್ನು ಹಂಚುವುದಲ್ಲ. ಒಬ್ಬ ಚಂದ್ರನ ಪರಿವಾರದಲ್ಲಿ 88 ಗ್ರಹಗಳೂ 28 ನಕ್ಷತ್ರಗಳೂ ಇರುವುವೆಂಬುದು ಆಗಮದ ಎಣಿಕೆ. ಲೋಕವು ಒಂಬತ್ತಕ್ಕೆ ಹೆದರುತ್ತಿದೆ. 88 ಅನ್ನು ಎಣಿಸಿದವರು ಹೆದರಲಿಲ್ಲ. ಇಂದಿನ ಖಗೋಳವಿಜ್ಞಾನದ ಲೆಕ್ಕ ಬೇರೆಯೇ ಆದರೂ ಇಲ್ಲಿ ನಾವು ನೋಡಬೇಕಾದುದು ಆಗಮದ ನಿಲುವನ್ನು.

ಮತ್ತೊಂದು ಅಂಶವೂ ಮುಖ್ಯವಾದುದು. ಜ್ಯೋತಿಷ್ಕ ದೇವರು ಕೂಡ ಸಂಸಾರಿ ಜೀವರು. ಅವರಿಗೂ ಆಯುಷ್ಯದ ಮಿತಿಯಿದೆ, ಅವರೂ ಕರ್ಮಬದ್ಧರು. ತಾನೇ ಸೆರೆಯಲ್ಲಿರುವವನು ಮತ್ತೊಬ್ಬನ ಸೆರೆಯ ಅವಧಿಯನ್ನು ಗೊತ್ತುಮಾಡಲಾರನು. ಆದುದರಿಂದಲೇ ಜೈನ ವಿದ್ವಾಂಸರು ಗ್ರಹಗಳನ್ನು ಫಲದ ಸೂಚಕಗಳೆಂದು ಹೇಳಿದರೂ ಕಾರಕಗಳೆಂದು ಒಪ್ಪುವುದಿಲ್ಲ. ಗಡಿಯಾರದ ಮುಳ್ಳು ಹನ್ನೆರಡನ್ನು ತೋರಿಸುತ್ತದೆ. ಮಧ್ಯಾಹ್ನವನ್ನು ಅದು ಮಾಡುವುದಿಲ್ಲ.

ನಮಗೆ ಒದಗುವ ಅಡ್ಡಿಗೆ ಶಾಸ್ತ್ರವು ಕೊಟ್ಟಿರುವ ಹೆಸರು ಅಂತರಾಯ ಕರ್ಮ. ಅದರಲ್ಲಿ ದಾನ, ಲಾಭ, ಭೋಗ, ಉಪಭೋಗ, ವೀರ್ಯ ಎಂಬ ಐದಕ್ಕೆ ಸಂಬಂಧಿಸಿ ಐದು ಭೇದಗಳು. ಬರಬೇಕಾದ ಲಾಭವು ಬಾರದಂತೆ ತಡೆಯುವುದು ಲಾಭಾಂತರಾಯ. ವ್ಯಾಪಾರಿಯು ಗ್ರಹಚಾರವೆಂದು ಕರೆಯುವುದಕ್ಕೆ ಇದಕ್ಕಿಂತ ಖಚಿತವಾದ ಪದ ಬೇರೆಲ್ಲಿ ಸಿಕ್ಕೀತು? ಆದರೆ ಎರಡರಲ್ಲಿ ವ್ಯತ್ಯಾಸವಿದೆ. ಗ್ರಹಚಾರವೆಂದಾಗ ಮಾತು ಅಲ್ಲಿಗೇ ಮುಗಿಯುತ್ತದೆ. ಅಂತರಾಯವೆಂದಾಗ ‘ಇದು ಹೇಗೆ ಕಟ್ಟಿಕೊಂಡಿತು?’ ಎಂಬ ಪ್ರಶ್ನೆ ಏಳುತ್ತದೆ. ಪರರಿಗೆ ವಿಘ್ನ ಮಾಡುವುದೇ ಅಂತರಾಯದ ಬಂಧಕ್ಕೆ ಕಾರಣವೆಂದು ಅದೇ ಗ್ರಂಥದ ಆರನೆಯ ಅಧ್ಯಾಯ ಉತ್ತರ ಕೊಡುತ್ತದೆ. ಇನ್ನೊಬ್ಬರ ಗಳಿಕೆಗೆ, ದಾನಕ್ಕೆ, ಊಟಕ್ಕೆ ಅಡ್ಡಬಂದವನು ತನಗೆ ತಾನೇ ಅಡ್ಡಗೋಡೆ ಕಟ್ಟಿಕೊಂಡಂತೆ. ಕಟ್ಟಿದ ಕರ್ಮವಾದರೂ ಅಳಿಸಲಾಗದ ಹಣೆಬರಹವಲ್ಲ. ಸಂಕ್ರಮಣ, ಅಪಕರ್ಷಣ, ಉದೀರಣೆಗಳೆಂಬ ಮಾರ್ಪಾಡುಗಳನ್ನು ಕರ್ಮಶಾಸ್ತ್ರವು ವಿವರಿಸುತ್ತದೆ. ತಪಸ್ಸಿನಿಂದ ನಿರ್ಜರೆಯಾಗುವುದೆಂದು ಭರವಸೆ ಕೊಡುತ್ತದೆ.

ಭದ್ರಬಾಹುಸ್ವಾಮಿಗಳ ನಿದರ್ಶನ

ಕೆಟ್ಟ ಕಾಲವನ್ನು ಮುಂದಾಗಿ ಅರಿತವರು ಏನು ಮಾಡಬೇಕೆಂಬುದಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೇ ಸಾಕ್ಷಿ ನುಡಿಯುತ್ತದೆ. ಸುಮಾರು ಕ್ರಿ.ಶ. 600ರದೆಂದು ಹೇಳಲಾಗುವ ಅಲ್ಲಿನ ಒಂದನೆಯ ಸಂಖ್ಯೆಯ ಶಾಸನದಲ್ಲಿ, ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ‘ಕಾಲವೈಷಮ್ಯ’ವನ್ನು ಕಂಡು ತಿಳಿಸಿದರೆಂದೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಇದೆ. ಇಲ್ಲಿ ಬಳಸಿರುವ ಪದವನ್ನು ಗಮನಿಸಬೇಕು. ಕಾಲವೈಷಮ್ಯವೆಂದರೆ ಕಾಲದ ಏರುಪೇರು. ಯಾವ ಗ್ರಹದ ಮೇಲೂ ದೂರಿಲ್ಲ, ಯಾವ ಮನುಷ್ಯನ ಮೇಲೂ ಆರೋಪವಿಲ್ಲ. ಕಷ್ಟ ಬರಲಿದೆಯೆಂದು ತಿಳಿದಾಗ ಅವರು ಗ್ರಹಗಳ ಮನವೊಲಿಸಲು ಕುಳಿತರೆಂದು ಶಾಸನ ಹೇಳುವುದಿಲ್ಲ. ವ್ರತಕ್ಕೆ ಭಂಗ ಬಾರದ ನೆಲವನ್ನು ಅರಸಿ ನಡೆದರೆಂಬುದೇ ಅದರ ತಾತ್ಪರ್ಯ. ನಿಮಿತ್ತಜ್ಞಾನವು ಅವರಿಗೆ ಭಯದ ಮೂಲವಾಗಲಿಲ್ಲ, ಪುರುಷಾರ್ಥಕ್ಕೆ ದಾರಿಯಾಯಿತು. ಕನ್ನಡ ನಾಡಿನಲ್ಲಿ ಜೈನಧರ್ಮದ ಹಿರಿಮೆಯನ್ನು ನೆನೆಯುವಾಗ ನಾವು ಮೊದಲು ಸ್ಮರಿಸುವುದು ಆ ನಡಿಗೆಯನ್ನೇ.

ಲೆಕ್ಕ ಹೇಳುವ ಸತ್ಯ

ವಾಣಿಜ್ಯಶಾಸ್ತ್ರವನ್ನು ಓದಿ ಗದ್ದಿಗೆಯ ಮೇಲೆ ಕುಳಿತವನಾದ ನಾನು ಒಂದು ಸಣ್ಣ ಲೆಕ್ಕವನ್ನು ಓದುಗರ ಮುಂದಿಡಬಯಸುತ್ತೇನೆ. ಶನೈಶ್ಚರನೆಂದರೆ ಮೆಲ್ಲನೆ ಚರಿಸುವವನು. ಅವನಿಗೆ ಒಂದು ಸುತ್ತು ಮುಗಿಸಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ರಾಶಿಯೊಂದಕ್ಕೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಹೀಗೆ ಮೂರು ರಾಶಿಗಳಲ್ಲಿ ಅವನಿರುವ ಕಾಲವೇ ಏಳೂವರೆ ಶನಿ. ಅಂದಮೇಲೆ ಯಾವ ದಿನ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ, ಎಂದರೆ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ, ಏಳೂವರೆ ಶನಿ ನಡೆಯುತ್ತಲೇ ಇರುತ್ತದೆ. ಒಂದು ಪೇಟೆಯಲ್ಲಿ ನೂರು ಅಂಗಡಿಗಳಿದ್ದರೆ ಇಪ್ಪತ್ತೈದು ಅಂಗಡಿಗಳು ಸದಾ ನಷ್ಟದಲ್ಲಿರಬೇಕಿತ್ತು. ಗೆಲ್ಲುವ ಅಂಗಡಿಗಳ ಸರದಿಯೂ ರಾಶಿಚಕ್ರದಂತೆ ತಿರುಗಬೇಕಿತ್ತು. ಪೇಟೆಯ ಅನುಭವ ಹಾಗಿಲ್ಲವೆಂಬುದನ್ನು ನಾನು ಹೇಳಬೇಕಾಗಿಲ್ಲ. ಅರವತ್ತು ವರ್ಷ ಬಾಳಿದವನು ಹೆಚ್ಚುಕಡಿಮೆ ಹದಿನೈದು ವರ್ಷಗಳನ್ನು ಈ ಶನಿಯಲ್ಲೇ ಕಳೆದಿರುತ್ತಾನೆ. ಆ ಹದಿನೈದು ವರ್ಷಗಳಲ್ಲಿ ಮದುವೆಯೂ ಆಗಿರಬಹುದು, ಮಕ್ಕಳೂ ಹುಟ್ಟಿರಬಹುದು, ಮನೆಯೂ ಕಟ್ಟಿರಬಹುದು.

1962ರ ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ಕೇತುಗಳು ಮಕರ ರಾಶಿಯಲ್ಲಿ ಕೂಡಿದ ‘ಅಷ್ಟಗ್ರಹ ಕೂಟ’ವನ್ನು ಹಿರಿಯರು ಇಂದಿಗೂ ನೆನೆಯುವುದುಂಟು. ಪ್ರಳಯವೇ ಆದೀತೆಂಬ ಭಯ ದೇಶದಲ್ಲೆಲ್ಲ ಹಬ್ಬಿ, ಊರೂರುಗಳಲ್ಲಿ ಹೋಮಹವನಗಳೂ ಭಜನೆಗಳೂ ನಡೆದವು. ನಾನಾಗ ಎಳೆಯ ಕೂಸು. ಇದನ್ನೆಲ್ಲ ದೊಡ್ಡವರ ಬಾಯಿಂದ ಕೇಳಿ ಬಲ್ಲೆ. ಆ ದಿನಗಳು ಬಂದವು, ಹೋದವು, ಪ್ರಳಯ ಆಗಲಿಲ್ಲ. ಅದೇ ವರ್ಷದ ಅಕ್ಟೋಬರ್ 20ರಂದು ಚೀನಾ ಯುದ್ಧ ಆರಂಭವಾದಾಗ ‘ಅಷ್ಟಗ್ರಹದ ಫಲ ಈಗ ಬಂತು’ ಎಂದವರಿದ್ದರಂತೆ. ಎಂಟು ತಿಂಗಳು ಕಳೆದ ಮೇಲೆ ಬಂದುದನ್ನು ಹಳೆಯ ವಾಯಿದೆಯ ಹುಂಡಿಗೆ ಜಮೆ ಮಾಡಿಕೊಳ್ಳುವ ರೀತಿಯಿದು. ಹೀಗೆ ಬರೆಯುತ್ತ ಹೋದರೆ ಯಾವ ಲೆಕ್ಕ ತಾನೇ ತಾಳೆಯಾಗದು?

ಬಳಕೆಯ ಮೂರು ಬಗೆ

ಆದರೂ ಈ ಪದವನ್ನು ಆಡುವವರೆಲ್ಲರೂ ಅಜ್ಞಾನಿಗಳೆಂದು ಹಳಿಯುವುದು ತಪ್ಪು. ಮಾತಿನ ಬೆಲೆಯು ಅದನ್ನು ಯಾರು, ಯಾರ ಕುರಿತು, ಏಕೆ ಆಡುತ್ತಾರೆ ಎಂಬುದರ ಮೇಲಿದೆ.

ಮೊದಲನೆಯದು ಸಂತೈಕೆಯ ಬಳಕೆ. ಕೂಸನ್ನು ಕಳೆದುಕೊಂಡ ತಾಯಿಯ ಪಕ್ಕದಲ್ಲಿ ಕುಳಿತು ನೆರೆಮನೆಯ ಮುದುಕಿ ‘ಏನು ಮಾಡುವುದು ತಾಯಿ, ಗ್ರಹಚಾರ’ ಎಂದರೆ, ‘ಇದು ನಿನ್ನ ತಪ್ಪಲ್ಲ’ ಎಂಬುದೇ ಅದರ ಭಾವ. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಕರ್ಮಪ್ರಕೃತಿಗಳ ಪಾಠ ಹೇಳುವವನು ವಿದ್ವಾಂಸನಿರಬಹುದು, ಶ್ರಾವಕನಲ್ಲ. ಕರ್ಮಸಿದ್ಧಾಂತವಿರುವುದು ನನ್ನನ್ನು ನಾನು ಪರೀಕ್ಷಿಸಿಕೊಳ್ಳಲೇ ಹೊರತು ನೊಂದವರನ್ನು ಚುಚ್ಚಲಿಕ್ಕಲ್ಲ.

ಎರಡನೆಯದು ನುಣುಚಿಕೊಳ್ಳುವ ಬಳಕೆ. ಇಲ್ಲಿ ನಾವು ಎಚ್ಚರವಾಗಿರಬೇಕು. ‘ಚರ್’ ಧಾತುವಿನಿಂದಲೇ ಬಂದ ಇನ್ನೊಂದು ಪದ ‘ಅತಿಚಾರ’. ಜ್ಯೋತಿಷದಲ್ಲಿ ಗ್ರಹವು ವೇಗವಾಗಿ ರಾಶಿಯನ್ನು ದಾಟುವುದಕ್ಕೆ ಅತಿಚಾರವೆನ್ನುತ್ತಾರೆ. ನಮ್ಮ ನೀತಿಶಾಸ್ತ್ರದಲ್ಲಿ ವ್ರತದ ಎಲ್ಲೆಯನ್ನು ದಾಟುವ ದೋಷಕ್ಕೆ ಅದೇ ಹೆಸರು. ಅಚೌರ್ಯಾಣುವ್ರತದ ಐದು ಅತಿಚಾರಗಳು ಒಬ್ಬ ವರ್ತಕನೇ ಕುಳಿತು ಪಟ್ಟಿಮಾಡಿದಂತಿವೆ: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಕಳಪೆಯನ್ನು ಬೆರೆಸುವುದು. ಗಿರಾಕಿ ಅಂಗಡಿಯನ್ನು ಬಿಟ್ಟುಹೋದಾಗ, ತೆರಿಗೆಯ ನೋಟೀಸು ಬಂದಾಗ, ಪಾಲುದಾರ ಬೇರೆಯಾದಾಗ ‘ಗ್ರಹಚಾರ’ ಎನ್ನುವ ಮೊದಲು ಈ ಐದರ ಮೇಲೆ ಒಮ್ಮೆ ಬೆರಳಿಟ್ಟು ನೋಡಬೇಕು. ಗ್ರಹಚಾರವೆಂದುಕೊಂಡದ್ದು ಅತಿಚಾರವಾಗಿರುವ ಸಂದರ್ಭಗಳು ಕಡಿಮೆಯೇನಲ್ಲ. ಹಾಗೆಯೇ ‘ಗ್ರಹ್’ ಧಾತುವಿನಿಂದ ಬಂದ ಮತ್ತೊಂದು ಪದ ‘ಪರಿಗ್ರಹ’. ಕೈಮೀರಿ ಸಾಲ ತಂದು ದಾಸ್ತಾನು ಮಾಡಿ ಧಾರಣೆ ಇಳಿದಾಗ ಮುಳುಗಿದವನನ್ನು ಹಿಡಿದದ್ದು ಗ್ರಹವಲ್ಲ, ಪರಿಗ್ರಹ.

ಮೂರನೆಯದು ಆರೋಪದ ಬಳಕೆ. ಇದು ಅತ್ಯಂತ ಕ್ರೂರವಾದುದು. ನಮ್ಮ ಪ್ರಾಂತ್ಯದ ಒಂದು ಕಾಳಿನ ವ್ಯಾಪಾರದ ಮನೆತನಕ್ಕೆ ಸೊಸೆ ಬಂದ ವರ್ಷವೇ ಉಗ್ರಾಣಕ್ಕೆ ಮಳೆನೀರು ನುಗ್ಗಿ ಸರಕು ಕೊಳೆಯಿತು. ‘ಕಾಲ್ಗುಣ ಸರಿಯಿಲ್ಲ, ಮನೆಗೆ ಗ್ರಹಚಾರ ಬಂತು’ ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿ ಪಡಸಾಲೆಗೂ ಬಂತು. ಆ ಹುಡುಗಿ ಅತ್ತೆಯ ಮುಂದೆ ತಲೆಯೆತ್ತಿ ನಡೆಯುವುದನ್ನೇ ಬಿಟ್ಟಳು. ಮುಂದೆ ಲೆಕ್ಕಪತ್ರಗಳನ್ನು ನೋಡುವ ಪ್ರಸಂಗ ನನಗೆ ಬಂದಾಗ ತಿಳಿದುದಿಷ್ಟು: ಉಗ್ರಾಣದ ಮಾಡನ್ನು ದುರಸ್ತಿ ಮಾಡಿಸಬೇಕೆಂದು ಎರಡು ವರ್ಷಗಳಿಂದ ಹೇಳುತ್ತಿದ್ದರೂ ಮಾಡಿಸಿರಲಿಲ್ಲ, ಸರಕಿನ ವಿಮೆಯ ಕಂತನ್ನು ಕಟ್ಟದೆ ಅದರ ಅವಧಿ ಮುಗಿದಿತ್ತು. ಈ ಎರಡೂ ಆ ಹುಡುಗಿ ಹೊಸಿಲು ದಾಟುವ ಮುಂಚಿನವು. ಪತ್ರಗಳನ್ನು ಮುಂದಿಟ್ಟಾಗ ಮನೆಯ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಸೊಸೆಯನ್ನು ಕರೆದು, ‘ಮಗಳೇ, ನಾಳೆಯಿಂದ ವಿಮೆಯ ಕಾಗದ ನೀನೇ ಇಟ್ಟುಕೊ’ ಎಂದರು. ಕ್ಷಮೆಯನ್ನು ಅವರು ಆ ರೀತಿಯಲ್ಲಿ ಕೇಳಿದರು.

ಎಲ್ಲ ಮನೆಗಳಲ್ಲಿಯೂ ಹೀಗೆ ಲೆಕ್ಕಪುಸ್ತಕ ಸಾಕ್ಷಿಗೆ ಬರುವುದಿಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದಳೆಂದು, ಕುಜದೋಷವಿದೆಯೆಂದು ಮದುವೆಯಾಗದೆ ಉಳಿದ ಹೆಣ್ಣುಮಕ್ಕಳು, ಗಂಡನನ್ನು ಕಳೆದುಕೊಂಡು ಶುಭಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲುವ ತಾಯಂದಿರು ನಮ್ಮ ಸಮಾಜದಲ್ಲಿಯೂ ಇದ್ದಾರೆ. ಇರುವೆಗೂ ನೋವಾಗದಂತೆ ನೆಲ ನೋಡಿ ನಡೆಯುವ ನಾವು ಒಂದು ಮಾತಿನಿಂದ ಒಬ್ಬಳ ಇಡೀ ಬಾಳನ್ನು ತುಳಿದರೆ ಅದು ಹಿಂಸೆಯಲ್ಲದೆ ಮತ್ತೇನು?

ಟ್ರಸ್ಟುಗಳ ಹೊಣೆ

ಬಸದಿಗಳ ಆಡಳಿತ ನಡೆಸುವವರಲ್ಲಿ ಒಂದು ವಿನಂತಿಯಿದೆ. ನಮ್ಮ ಪರಂಪರೆಯಲ್ಲಿ ನವಗ್ರಹ ಆರಾಧನೆಯುಂಟು. ಸೂರ್ಯನಿಗೆ ಪದ್ಮಪ್ರಭ, ಚಂದ್ರನಿಗೆ ಚಂದ್ರಪ್ರಭ, ಮಂಗಳನಿಗೆ ವಾಸುಪೂಜ್ಯ, ಶುಕ್ರನಿಗೆ ಪುಷ್ಪದಂತ, ಶನಿಗೆ ಮುನಿಸುವ್ರತ, ರಾಹುವಿಗೆ ನೇಮಿನಾಥ ಎಂಬಂತೆ ತೀರ್ಥಂಕರರ ಸ್ಮರಣೆಯನ್ನು ಹೊಂದಿಸಲಾಗಿದೆ. ಹುಬ್ಬಳ್ಳಿಯ ಬಳಿ ವರೂರಿನಲ್ಲಿ ನವಗ್ರಹ ತೀರ್ಥವೂ ಇದೆ. ಈ ಏರ್ಪಾಡಿನ ಸ್ವಾರಸ್ಯವಿರುವುದು ಗ್ರಹಕ್ಕೆ ಹೆದರಿದ ಮನಸ್ಸನ್ನು ಗ್ರಹದಿಂದ ಬಿಡಿಸಿ ವೀತರಾಗನ ಕಡೆಗೆ ತಿರುಗಿಸುವುದರಲ್ಲಿ. ಜಿನನು ಯಾರಿಗೂ ಏನನ್ನೂ ಕೊಡುವವನಲ್ಲ, ಕಸಿಯುವವನೂ ಅಲ್ಲ. ಅವನ ಗುಣಸ್ಮರಣೆಯಿಂದ ನಮ್ಮ ಪರಿಣಾಮಗಳು ನಿರ್ಮಲವಾಗುವುದೇ ಶಾಂತಿ. ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದೇವಮೂಢತೆಯೆಂದು ಕರೆದಿದ್ದಾರೆ. ಆರಾಧನೆಯ ದಿನ ರಸೀತಿ ಹರಿಯುವುದರ ಜೊತೆಗೆ ಹತ್ತು ನಿಮಿಷ ಈ ಅರ್ಥವನ್ನು ಭಕ್ತರಿಗೆ ತಿಳಿಸಿಕೊಡುವ ವ್ಯವಸ್ಥೆಯಾಗಲಿ. ಭಯದಿಂದ ಬಂದ ಕಾಣಿಕೆಯು ಹುಂಡಿಯನ್ನು ತುಂಬಿಸೀತು, ಧರ್ಮವನ್ನು ಬೆಳೆಸದು. ಇನ್ನು ಪಂಚಕಲ್ಯಾಣದಲ್ಲಾಗಲಿ ಮದುವೆಯಲ್ಲಾಗಲಿ ವಿಧವೆಯೊಬ್ಬಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕಳಶ ಕೊಡುವ ಧೈರ್ಯವನ್ನು ಒಂದು ಟ್ರಸ್ಟು ತೋರಿಸಿದರೆ ಅದು ನೂರು ಪ್ರವಚನಗಳಿಗೆ ಸಮವಾದೀತು.

ಭಾಷೆಯಿಂದ ಒಂದು ಪದವನ್ನು ಕಿತ್ತುಹಾಕಲು ಯಾರಿಂದಲೂ ಆಗದು; ಆಗಬೇಕಾದ ಅಗತ್ಯವೂ ಇಲ್ಲ. ಸಂತೈಸಲು ಬೇಕಾದಾಗ ಅದು ಇರಲಿ. ನಮ್ಮ ಸ್ವಂತ ನಷ್ಟದ ಮುಂದೆ ಅದನ್ನು ಬರೆಯುವ ಮೊದಲು ಒಂದು ಪ್ರತಿಕ್ರಮಣದಷ್ಟು ಹೊತ್ತು ತಡೆಯೋಣ. ಮತ್ತೊಬ್ಬರ ಹೆಸರಿನ ಮುಂದೆ ಅದನ್ನು ಎಂದೂ ಬರೆಯದಿರೋಣ. ಗ್ರಹಗಳ ಚಾರವು ಗಣಿತಕ್ಕೆ ಸೇರಿದ್ದು. ಅದನ್ನು ಮಹಾವೀರಾಚಾರ್ಯರಂತಹವರು ನೋಡಿಕೊಂಡರು. ನಮ್ಮ ಪಾಲಿಗೆ ಬಂದಿರುವುದು ಅದೇ ಧಾತುವಿನ ಇನ್ನೊಂದು ಪದವಾದ ಆಚಾರ. ಅದರ ಲೆಕ್ಕವನ್ನು ನಾವೇ ಬರೆಯಬೇಕು.